ಖಂಡೆ ಪೂಜೆಯ ದಿನ ಕಿಸೆಯಲ್ಲಿ ಉಳಿದ ಚಾಕು

ನನ್ನ ಪ್ಯಾಂಟುಗಳ ಬಲಗಿಸೆ ಯಾವಾಗಲೂ ಎಡಗಿಸೆಗಿಂತ ಮೊದಲು ಹರಿಯುತ್ತದೆ. ನಮ್ಮೂರು ಘಾಟಬೋರಾಳದ ದರ್ಜಿ ಈಗ ಕಾರಣ ಕೇಳುವುದನ್ನೇ ಬಿಟ್ಟಿದ್ದಾನೆ. ಹೊಲಿಯುವಾಗಲೇ ಬಲಗಡೆ ಎರಡು ಪದರ ಬಟ್ಟೆ ಹಾಕಿಬಿಡುತ್ತಾನೆ. ಅಲ್ಲಿರುವುದು ಚಾಕು. ಹಣ್ಣು ಹೆಚ್ಚುವ ಆಟಿಕೆಯಲ್ಲ, ಮಡಚಿದರೂ ಅಂಗೈ ತುಂಬುವ, ಮೂರು ಅಲಗಿನ, ಎಲುಬಿನ ಹಿಡಿಯ ಚಾಕು. ಅಮೆರಿಕದ ದನಗಾಹಿಗಳಿಗೆಂದು ಮಾಡಿದ್ದು, ಸ್ಟಾಕ್‌ಮನ್ ಎನ್ನುತ್ತಾರೆ. ನಾನು ಅಮೆರಿಕ ನೋಡಿದವನಲ್ಲ, ನಮ್ಮ ಮನೆಯಲ್ಲಿ ದನವೂ ಇಲ್ಲ. ಹುಮನಾಬಾದಿನಲ್ಲಿ ಪಂಪ್‌ಸೆಟ್ಟಿನ ಸಾಮಾನು, ಪೈಪು, ಹಗ್ಗ ಮಾರುವ ಅಂಗಡಿ ನನ್ನದು. ಆದರೂ ಇಂಥ ಹನ್ನೊಂದು ಚಾಕು ಕೂಡಿಹಾಕಿದ್ದೆ. ದಿನಕ್ಕೊಂದು ಸರದಿಯ ಮೇಲೆ ಕಿಸೆಗೆ ಇಳಿಯುತ್ತಿತ್ತು.

ಹುಚ್ಚು ಹತ್ತಿಸಿದವನು ಒಬ್ಬ ಲಾರಿ ಡ್ರೈವರ್. ಸೋಲಾಪುರದ ಕಡೆ ಹೊರಟವನು ಸರಕಿನ ಮೇಲೆ ತಾಡಪಾಲು ಕಟ್ಟಲು ಹಗ್ಗ ಬೇಕೆಂದು ಅಂಗಡಿಗೆ ಬಂದ. ನಾನು ಕತ್ತರಿ ಹುಡುಕುವಷ್ಟರಲ್ಲಿ ಅವನು ಕಿಸೆಯಿಂದ ಚಾಕು ತೆಗೆದು, ಉಗುರಿನಿಂದ ಅಲಗು ಎಬ್ಬಿಸಿ, ದಪ್ಪ ಹಗ್ಗವನ್ನು ಒಂದೇ ಎಳೆತಕ್ಕೆ ಕೊಯ್ದು, ಟಪ್ಪೆಂದು ಮಡಚಿದ. ಆ ಟಪ್ ಎನ್ನುವ ಸಪ್ಪಳಕ್ಕೆ ನಾನು ಸೋತುಹೋದೆ. ಚಹಾ ಕುಡಿಸಿ, ಎರಡು ಸುರುಳಿ ಹಗ್ಗ ಕೊಟ್ಟು, ಕೈಕಾಲು ಹಿಡಿದು ಅದನ್ನು ಇಸಿದುಕೊಂಡೆ. ಅವತ್ತಿನಿಂದ ನಾನು ನೆಟ್ಟಗಾಗಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತು ಸುಳ್ಳಲ್ಲ.

ಯಾರಾದರೂ ಕೇಳಿದರೆ ಸಾಕು, ನಾನು ಶುರು ಹಚ್ಚಿಕೊಳ್ಳುತ್ತೇನೆ. ಉದ್ದನೆಯ ಅಲಗಿಗೆ ಚೂಪು ತುದಿ, ಅದು ಎಲ್ಲ ಕೆಲಸಕ್ಕೂ ಬರುತ್ತದೆ. ಎರಡನೆಯದಕ್ಕೆ ತುದಿಯೇ ಇಲ್ಲ. ಬಾಯಿ ನೆಟ್ಟಗೆ, ಬೆನ್ನು ಮುಂದೆ ಬಾಗಿ ಇಳಿದಿರುತ್ತದೆ. ಪ್ರಾಣಿಯ ಮೈಗೆ ಬಿಗಿದ ಹಗ್ಗ ಕೊಯ್ಯಲು ಅದೇ ಬೇಕು, ಏಕೆಂದರೆ ಪ್ರಾಣಿ ಎಷ್ಟೇ ಒದ್ದಾಡಿದರೂ ಈ ಅಲಗು ಚುಚ್ಚುವುದಿಲ್ಲ. ಮೂರನೆಯದು ಮೊಂಡು ಮೂತಿಯದು, ಹೋರಿಗಳ ಬೀಜ ತೆಗೆಯುವ ಕೆಲಸಕ್ಕೆ. ಇದನ್ನು ಹೇಳುವಾಗ ಗಿರಾಕಿಗಳು ತಮಗೆ ಗೊತ್ತಿಲ್ಲದಂತೆ ಕಾಲು ಜೋಡಿಸಿ ನಿಲ್ಲುತ್ತಾರೆ. ನನಗೆ ಆ ಗಳಿಗೆ ಬಲು ಖುಷಿ.

ಹೋದ ವರ್ಷ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ ಬಸವಕಲ್ಯಾಣದಿಂದ ಫೋನು ಬಂತು. ಕೋಟೆಯ ಹತ್ತಿರ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ನನ್ನ ಚಾಕುಗಳ ಕೀಲಿಗೆ ಎಣ್ಣೆ ಹಾಕುವವರು, ಮೊಳೆ ಸಡಿಲಾದರೆ ಬಿಗಿಮಾಡುವವರು ಅವರೇ. ಹೈದರಾಬಾದಿನ ಹಳೇ ಸಾಮಾನಿನ ಪೇಟೆಯಿಂದ ಒಂದು ಬಂದಿದೆ, ನೀವು ಇಂದು ಬಾರದಿದ್ದರೆ ನಾನೇ ಇಟ್ಟುಕೊಳ್ಳುತ್ತೇನೆ ಎಂದರು. ದಸರೆಯ ವ್ಯಾಪಾರದ ಹೊತ್ತು. ನಾನು ಗಿರಾಕಿಯ ಕೈಯಲ್ಲೇ ಪೈಪು ಬಿಟ್ಟು, ಪಕ್ಕದ ಅಂಗಡಿಯವರಿಗೆ ಗಲ್ಲಾಪೆಟ್ಟಿಗೆ ನೋಡಿಕೊಳ್ಳಲು ಹೇಳಿ, ಮೋಟರ್‌ಸೈಕಲ್ಲಿಗೆ ಒದ್ದೆ. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಇಷ್ಟು ಅವಸರಪಟ್ಟಿರಲಿಲ್ಲ.

ಅವರು ಅದನ್ನು ಕೈಗೆ ಕೊಡಲಿಲ್ಲ; ನಮ್ಮ ಕಡೆ ಚಾಕು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಬರುತ್ತದೆಂದು ನಂಬಿಕೆ. ಕರವಸ್ತ್ರದ ಮೇಲೆ ಇಟ್ಟರು, ನಾನು ಎತ್ತಿಕೊಂಡೆ. ಏನು ಹೇಳಲಿ! ಜೇನು ಬಣ್ಣಕ್ಕೆ ತಿರುಗಿದ ಎಲುಬಿನ ಹಿಡಿ, ಅದರ ಮೇಲೆ ಯಾರದೋ ಹೆಬ್ಬೆರಳು ತಿಕ್ಕಿ ತಿಕ್ಕಿ ನುಣುಪಾದ ಜಾಗ. ನನ್ನ ಹನ್ನೊಂದರಲ್ಲಿ ಯಾವುದೂ ಇಷ್ಟು ದೊಡ್ಡದಿರಲಿಲ್ಲ. ಮೂರೂ ಅಲಗು ಕಪ್ಪಾಗಿದ್ದವು, ಆದರೆ ಒಂದೂ ಅಲುಗಾಡುತ್ತಿರಲಿಲ್ಲ. ಮಡಚಿದೆ. ಆ ಸಪ್ಪಳ ಕೇಳಿ ಹಿರಿಯರು ಕಣ್ಣಿನ ಭೂತಗನ್ನಡಿ ತೆಗೆದಿಟ್ಟು ನಕ್ಕರು. ನಾನು ಅದನ್ನು ಎಂಟು ಸಲ ತೆರೆದು ಮುಚ್ಚಿದೆ.

ಈಗ ನಮ್ಮವ್ವನ ವಿಷಯ. ಖಂಡೆ ಪೂಜೆಯಲ್ಲಿ ಅವಳು ಬಲು ಕಟ್ಟುನಿಟ್ಟು. ಮನೆಯಲ್ಲಿರುವ ಹರಿತವಾದದ್ದೆಲ್ಲ ದೇವರ ಮುಂದೆ ಬರಬೇಕು. ಕುಡಗೋಲು, ಕೊಡಲಿ, ಈಳಿಗೆ, ಕತ್ತರಿ, ನನ್ನ ದಾಡಿಯ ಬ್ಲೇಡು ಕೂಡ. ಕುಂಕುಮ ಹಚ್ಚಿ, ಹೂ ಏರಿಸಿದ ಮೇಲೆ ಮರುದಿನ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಅವತ್ತಿನ ಪಲ್ಯದ ಕಾಯಿಪಲ್ಲೆ ಹಿಂದಿನ ದಿನವೇ ಹೆಚ್ಚಿಟ್ಟಿರುತ್ತಾಳೆ. ಅವಳು ಹೇಗೆ ಮಾಡಿದರೆ ನಮ್ಮ ಓಣಿಯೆಲ್ಲ ಹಾಗೇ ಮಾಡುತ್ತದೆ, ಮಾಡದಿದ್ದವರ ಮನೆಗೆ ಹೋಗಿ ಕೇಳಿ ಬರುತ್ತಾಳೆ.

ನನ್ನ ಹನ್ನೊಂದು ಚಾಕುಗಳನ್ನು ತಂದು ಸಾಲಾಗಿ ಇಟ್ಟೆ. ಹನ್ನೆರಡನೆಯದು ಬಲಗಿಸೆಯಲ್ಲಿತ್ತು. ನೀವೇ ಹೇಳಿ, ನಿನ್ನೆ ಸಂಜೆ ಕೈಗೆ ಬಂದದ್ದನ್ನು ಇಂದು ಇಡೀ ದಿನ ಬಿಟ್ಟಿರುವುದು ಹೇಗೆ? ಅವ್ವ ಸಾಲನ್ನು ಎಣಿಸಿ, ಎಲ್ಲ ಬಂದವೇನೋ ಎಂದಳು. ಎಲ್ಲ ಬಂದವೆಂದೆ. ನಲವತ್ತೊಂಬತ್ತರ ವಯಸ್ಸಿನಲ್ಲಿ ದೇವರೆದುರಿಗೆ ನಿಂತು, ಸುಳ್ಳು ಹೇಳಿ, ಕಿಸೆಯೊಳಗೆ ಆ ನುಣುಪು ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ಮಂಗಳಾರತಿ ತೆಗೆದುಕೊಂಡೆ.

ಊಟ ಮುಗಿದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಎದುರುಮನೆಯ ಹೆಣ್ಣುಮಗಳನ್ನು ಓಣಿಯವರೆಲ್ಲ ಕಾಕಿ ಎನ್ನುತ್ತೇವೆ. ಅವಳಿಗೆ ಒಂದು ಎಮ್ಮೆಯ ಮಣಕವಿದೆ, ಇನ್ನೂ ಗಬ್ಬವಾಗದ ಕಡಸು. ಮನೆಯ ಮುಂದೆ ಎತ್ತರದ ಬೇವಿನಕಟ್ಟೆ. ಮಣಕವನ್ನು ಅದರ ಮೇಲೆ ಬೇವಿನ ಗಿಡಕ್ಕೆ ಕಟ್ಟಿದ್ದಳು. ಯಾರೋ ಮೂಲೆಯಲ್ಲಿ ಪಟಾಕಿ ಹಚ್ಚಿದರು. ಮಣಕ ಬೆದರಿ ಕಟ್ಟೆಯಿಂದ ಕೆಳಗೆ ಹಾರಿತು. ಹಗ್ಗ ಸಾಲಲಿಲ್ಲ. ಮುಂಗಾಲು ಗಾಳಿಯಲ್ಲಿ, ಹಿಂಗಾಲ ಗೊರಸಿನ ತುದಿ ಮಾತ್ರ ನೆಲಕ್ಕೆ, ಕುತ್ತಿಗೆಗೆ ಎಳೆದಷ್ಟೂ ಬಿಗಿಯುವ ಗಂಟು. ಅದು ನೈಲಾನ್ ಹಗ್ಗ, ನನ್ನ ಅಂಗಡಿಯದೇ. ಇದು ಹರಿದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆಂದು ನಾನೇ ಹೇಳಿ ಮಾರಿದ್ದೆ.

ಕಾಕಿಯ ಚೀರಾಟಕ್ಕೆ ಓಣಿಯೇ ಸೇರಿತು. ಇಬ್ಬರು ಕೆಳಗೆ ಹೆಗಲು ಕೊಟ್ಟು ಎತ್ತಲು ನೋಡಿದರು, ಅದು ಒದ್ದ ಏಟಿಗೆ ಒಬ್ಬ ಕೂತುಬಿಟ್ಟ. ಗಂಟು ಬಿಚ್ಚಲು ಬೆರಳು ತೂರುತ್ತಿಲ್ಲ. ಕುಡಗೋಲು ತರ್ರಿ ಎಂದು ಯಾರೋ ಕೂಗಿದರು. ನಾಲ್ಕು ಜನ ನಾಲ್ಕು ಮನೆಗೆ ಓಡಿದರು. ನಾಲ್ವರೂ ಹೊಸ್ತಿಲಲ್ಲಿ ನಿಂತರು. ಓಣಿಯ ಹರಿತವೆಲ್ಲ ದೇವರ ಮುಂದೆ ಕುಂಕುಮ ಹಚ್ಚಿಕೊಂಡು ಮಲಗಿತ್ತು. ನಾಲ್ವರೂ ತಿರುಗಿ ನೋಡಿದ್ದು ನಮ್ಮ ಬಾಗಿಲಲ್ಲಿ ನಿಂತಿದ್ದ ನಮ್ಮವ್ವನನ್ನು. ಒಬ್ಬ ಬೆಂಕಿಪೊಟ್ಟಣ ತಂದ, ಹಗ್ಗ ಸುಡುತ್ತೇನೆಂದು. ಮತ್ತೊಬ್ಬ ಹಲ್ಲಿನಿಂದ ಕಚ್ಚತೊಡಗಿದ. ಮಣಕದ ನಾಲಿಗೆ ಹೊರಗೆ ಬಂತು.

ನನ್ನ ಕೈ ಆಗಲೇ ಕಿಸೆಯಲ್ಲಿತ್ತು. ಚಾಕುವನ್ನು ಹಿಡಿದೂ ಇದ್ದೆ. ಆದರೆ ನಾನೂ ಅವ್ವನ ಮುಖವನ್ನೇ ನೋಡುತ್ತ ನಿಂತಿದ್ದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಆಮೇಲೆ ಅವಳು ಸರ್ರನೆ ತಿರುಗಿ ಒಳಗೆ ಹೋದಳು. ಸಿಟ್ಟಿನಿಂದ ಹೋದಳೆಂದುಕೊಂಡೆ. ಅವಳು ಹೋದ ಮೇಲೆ ನನ್ನ ಕೈ ಹೊರಗೆ ಬಂತು.

ಬೇವಿನಕಟ್ಟೆಗೆ ಹಾರಿ, ತುದಿಯಿಲ್ಲದ ಅಲಗನ್ನು ಎಬ್ಬಿಸಿ, ಬೆನ್ನು ಚರ್ಮದ ಕಡೆ, ಬಾಯಿ ಹಗ್ಗದ ಕಡೆ ಮಾಡಿ ಕುತ್ತಿಗೆಗೂ ಹಗ್ಗಕ್ಕೂ ನಡುವೆ ತೂರಿಸಿದೆ. ಒಂದು, ಎರಡು, ಮೂರು ಎಳೆತ. ನೈಲಾನು ಪಟ್ಟೆಂದಿತು. ಮಣಕ ಮಣ್ಣಿಗೆ ಧೊಪ್ಪನೆ ಬಿತ್ತು. ಬಿದ್ದಲ್ಲೇ ಬಿದ್ದಿತ್ತು. ಕಾಕಿ ಅದರ ಮೂಗಿಗೆ ಬಾಯಿ ಹಚ್ಚಿ ಊದಿದಳು. ಆಮೇಲೆ ಅದರ ಪಕ್ಕೆ ಒಮ್ಮೆ ಉಬ್ಬಿತು, ಮತ್ತೊಮ್ಮೆ ಉಬ್ಬಿತು, ಒಂದು ಸೀನು ಸೀನಿ ಕಾಕಿಯ ಮುಖವೆಲ್ಲ ಒದ್ದೆ ಮಾಡಿತು. ಕಾಕಿ ಅದನ್ನು ತಬ್ಬಿಕೊಂಡು ಅತ್ತಳು.

ನನ್ನ ಸಂಭ್ರಮ ಕೇಳಬೇಡಿ. ಓಣಿಯವರು ಬೆನ್ನು ತಟ್ಟಿದರು, ಚಾಕು ನೋಡಲು ಮುಗಿಬಿದ್ದರು. ನಾನು ಅದನ್ನು ಕಟ್ಟೆಯ ಮೇಲಿಟ್ಟು ಮೂರೂ ಅಲಗಿನ ಪುರಾಣ ಬಿಚ್ಚಿದೆ. ಇಷ್ಟು ವರ್ಷ ನಕ್ಕವರೆಲ್ಲ ಹೌದ್ರಿ, ಹೌದ್ರಿ ಎಂದು ಕೇಳಿದರು. ಪೂಜೆಗೆ ಇಡದೆ ಮುಚ್ಚಿಟ್ಟದ್ದನ್ನು ಕೂಡ ನಾನೇ ನಗುತ್ತ ಹೇಳಿಕೊಂಡೆ, ದೇವರೇ ಬುದ್ಧಿ ಕೊಟ್ಟನೆಂದರು. ಸಂಜೆಯವರೆಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಅವ್ವ ಬೈಯುತ್ತಾಳೆಂದು ಕಾದೆ, ಅವಳು ಬೈಯಲಿಲ್ಲ.

ಮರುದಿನ ವಿಜಯದಶಮಿ, ಸಂಜೆ ಬನ್ನಿ ಎಲೆ ಕೊಡುವ ಹೊತ್ತು. ಊರೆಲ್ಲ ತಿರುಗಿ ಬನ್ನಿ ಕೊಟ್ಟು ಬಂದು, ಕೊನೆಗೆ ಅವ್ವನ ಕೈಯಲ್ಲಿ ಎಲೆ ಇಟ್ಟು ಕಾಲಿಗೆ ಬಿದ್ದೆ. ಹಿಂದಿನ ದಿನದ ಸುಳ್ಳಿಗೆ ತಪ್ಪಾಯಿತು, ಪೂಜೆಗೆ ಇಡಬೇಕಾಗಿತ್ತು ಎಂದೆ. ತಲೆಯ ಮೇಲೆ ಕೈ ಇಟ್ಟಳು, ಆದರೆ ತೆಗೆಯಲಿಲ್ಲ.

"ಅದು ಬಿಡು. ದೇವ್ರಿಗಿ ನಿನ್ನ ಚಾಕು ತಗೊಂಡು ಏನು ಮಾಡೂದದ," ಎಂದಳು. "ನಾ ಕುಡಗೋಲು ತರಾಕ ಒಳಗ ಹೋಗಿದ್ದೆ. ತಗೊಂಡು ಬರೂದ್ರಾಗ ನೀ ಕೊಯ್ದಿದ್ದಿ."

ನಾನು ಎದ್ದು ನಿಂತೆ. ಹಿಂದಿನ ದಿನ ಅವಳು ಒಳಗೆ ಹೋದದ್ದು ಸಿಟ್ಟಿನಿಂದಲ್ಲ, ಪೂಜೆಯ ಕುಡಗೋಲು ಎತ್ತಿ ತರಲು.

"ಆ ಮಣಕ ಸಾಯಾಕತ್ತಿತ್ತು. ನೀ ಕಿಸೇದಾಗ ಕೈ ಇಟ್ಕೊಂಡು ನನ್ನ ಮಾರಿ ನೋಡಾಕತ್ತಿದ್ದಿ," ಎಂದಳು ಅವ್ವ. ಅವಳ ದನಿ ಗದರಿಕೆಯದಾಗಿರಲಿಲ್ಲ. "ಐವತ್ತು ವರ್ಷ ನನ್ನ ಸಂಗಟ ಇದ್ದೀ. ನಾ ಅಂಥಾಕಿ ಅಂತ ತಿಳ್ಕೊಂಡೀ ಏನೋ?"

ನನ್ನ ಕೈ ಮತ್ತೆ ಕಿಸೆಗೆ ಹೋಗಿತ್ತು, ಹೊರಗೆ ತೆಗೆದೆ. ಅವಳು ಬನ್ನಿಯನ್ನು ಸೆರಗಿಗೆ ಕಟ್ಟಿಕೊಂಡು ಮಣಕ ನೋಡಲು ಕಾಕಿಯ ಮನೆಗೆ ಹೋದಳು.