ಲತಾ ಶಾಲೆಗೆ ಹೋದ ಅವರೆಕಾಯಿ ಕಾಲ

ನಾಯಂಡಹಳ್ಳಿಯಲ್ಲಿ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ. ಆಗ ನಮ್ಮ ಬೀದಿಯ ಹೆಂಗಸರೆಲ್ಲ ಮನೆ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಅಮ್ಮನ ಸೆರಗಿಗೆ, ನನ್ನ ಯೂನಿಫಾರಂಗೆ, ಕೊನೆಗೆ ಡಬ್ಬಿಯ ಚಿತ್ರಾನ್ನಕ್ಕೂ ಅದೇ ವಾಸನೆ.

ನನ್ನ ತಂಗಿ ಲತಾಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರಲಿಲ್ಲ. ಮನೆಯಲ್ಲಿ ನಾವೇ ಮಾಡಿಕೊಂಡ ಸನ್ನೆಗಳೇ ಅವಳ ಭಾಷೆ. ನಾನು ಸರ್ಕಾರಿ ಶಾಲೆಗೆ ಹೊರಟರೆ ಸಾಕು, ಬ್ಯಾಗು ಹಿಡಿದು ಜಗ್ಗುತ್ತಿದ್ದಳು. ಅಮ್ಮ ಅವಳ ಬೆರಳು ಬಿಡಿಸಿ ಒಳಗೆ ಎತ್ತಿಕೊಂಡು ಹೋಗುತ್ತಿದ್ದಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮಗೆ ಗಿರಿಜಾ ಮಿಸ್ ಬಂದರು. ಒಂದು ಸಂಜೆ ಅವರೇ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು.

"ಇವಳನ್ನ ಯಾಕಮ್ಮ ಮನೇಲೇ ಇಟ್ಕೊಂಡಿದೀರ?"

"ಕಿವಿ ಕೇಳ್ಸಲ್ಲ ಮಿಸ್. ಅಲ್ಲಿ ಕೂತು ಏನ್ ಮಾಡ್ತಾಳೆ?"

"ಕಣ್ಣು ಕಾಣ್ಸುತ್ತಲ್ಲ! ನಾಳೆ ಕರ್ಕೊಂಡ್ ಬನ್ನಿ. ನೀವೂ ಬನ್ನಿ. ಅವಳ ಸನ್ನೆ ನಂಗೆ ಬರಲ್ಲ, ನೀವೇ ಕಲಿಸ್ಬೇಕು."

ಮಾರನೇ ದಿನ ಅಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟು ಹೊರಟಳು. ಹಿಂದಿನ ಬೆಂಚಿನಲ್ಲಿ ಲತಾ ಪಕ್ಕ ಮುದುರಿ ಕೂತಳು. ವಾರ ಕಳೆಯುವಷ್ಟರಲ್ಲಿ ನೀರು, ಊಟ, ಬಾ, ಕೋಪ ಎಲ್ಲಕ್ಕೂ ಇಡೀ ಕ್ಲಾಸಿಗೆ ಸನ್ನೆ ಬರುತ್ತಿತ್ತು. ಕಣ್ಣಾಮುಚ್ಚಾಲೆಯಲ್ಲಿ "ಔಟ್" ಅಂತ ಕೂಗಿದರೆ ಲತಾಗೆ ಕೇಳುವುದಿಲ್ಲವೆಂದು ಎರಡೂ ಕೈ ಮೇಲೆತ್ತುವುದು ಶುರುವಾಯಿತು. ಆಮೇಲೆ ಲತಾ ಆಟದಲ್ಲಿ ಇರಲಿ ಬಿಡಲಿ, ಎಲ್ಲರೂ ಕೈ ಎತ್ತುವವರೇ.

ಅವರೆಕಾಯಿ ಕಾಲ ಬಂತು. ಬೇರೆ ಅಮ್ಮಂದಿರೂ ಬರತೊಡಗಿದರು. ವರಾಂಡದ ಎಳೆಬಿಸಿಲಲ್ಲಿ ಕಾಯಿ ಸುಲಿಯುತ್ತಾ ನಮ್ಮ ಮಗ್ಗಿ ಕೇಳುತ್ತಿದ್ದರು, ತಪ್ಪಿದರೆ ನಗುತ್ತಿದ್ದರು. ಅವರೆಯ ಸೊಗಡಿನ ನಡುವೆಯೇ ನಾವು ಕಾಪಿ ಬರೆಯುತ್ತಿದ್ದೆವು. ಒಂದು ಬೆಳಗ್ಗೆ ಲತಾ ಸ್ಲೇಟಿನ ಮೇಲೆ ತನ್ನ ಹೆಸರು ಬರೆದು ಅಮ್ಮನ ಮುಂದೆ ಹಿಡಿದಳು. ಅಮ್ಮ ಎದ್ದು ಹೊರಗೆ ಹೋಗಿ, ಗೋಡೆಗೆ ಮುಖ ಮಾಡಿ ತುಂಬ ಹೊತ್ತು ನಿಂತಿದ್ದಳು.

ಸಂಕ್ರಾಂತಿ ಮುಗಿದ ಮೇಲೆ ಗಿರಿಜಾ ಮಿಸ್‌ಗೆ ವರ್ಗವಾಯಿತು. ಅದರ ಹಿಂದೆಯೇ ಹೊಸ ಹೆಡ್‌ಮಾಸ್ಟರ್ ಬಂದರು. ಗೇಟಿಗೆ ಬೀಗ ಬಿತ್ತು.

"ಇದೇನ್ ಸ್ಕೂಲೋ ಸಂತೇನೋ?" ಅಂತ ಅಮ್ಮನನ್ನು ಗೇಟಲ್ಲೇ ತಡೆದರು. "ಇಂಥ ಮಕ್ಕಳಿಗೆ ಬೇರೆ ಸ್ಕೂಲ್ ಇರುತ್ತೆ ಕಣಮ್ಮ. ಅಲ್ಲಿಗೆ ಸೇರ್ಸಿ."

"ಎಲ್ಲಿದೆ ಸಾರ್?"

"ವಿಚಾರ್ಸಿ."

"ನಾನು ಒಳಗ್ ಬರಲ್ಲ ಸಾರ್. ಅವಳನ್ನ ಮಾತ್ರ ಬಿಡಿ. ಮಕ್ಕಳಿಗೆಲ್ಲ ಅವಳ ಸನ್ನೆ ಬರುತ್ತೆ."

"ಹೇಳಿದ್ನಲ್ಲಮ್ಮ, ಹೋಗಿ."

ಅಪ್ಪ ವಿಚಾರಿಸಿಕೊಂಡು ಬಂದರು. ಊರಾಚೆ ಒಂದು ಶಾಲೆ ಇತ್ತಂತೆ, ಆದರೆ ಹಾಸ್ಟೆಲಿನಲ್ಲಿ ಬಿಡಬೇಕು. ಅಮ್ಮ ಕರೆದುಕೊಂಡು ಹೋದಳು. ಸೆರಗು ಬಿಡದೆ ಅಳುತ್ತಿದ್ದ ಮಗುವನ್ನು ಅವತ್ತೇ ವಾಪಸ್ ಕರೆತಂದಳು. "ಸುಮ್ನಿರು ಅಂತ ಹೇಳೋಕಾದ್ರೂ ಅಲ್ಲಿ ಯಾರಿಗೆ ಅವಳ ಭಾಷೆ ಬರುತ್ತೆ?" ಅಂದಳು.

ಆಮೇಲೂ ಲತಾ ದಿನಾ ಯೂನಿಫಾರಂ ಹಾಕಿಕೊಂಡು ಬಂದು ಗೇಟಿನ ಸರಳು ಹಿಡಿದು ನಿಲ್ಲುತ್ತಿದ್ದಳು. ನಾವು ಒಳಗೆ ಆಡುತ್ತಾ ಕೈ ಎತ್ತಿದರೆ ಅವಳೂ ಹೊರಗಿನಿಂದ ಎತ್ತುತ್ತಿದ್ದಳು. ನಾನು ಸರಳಿನ ಸಂದಿಯಿಂದ ಅವಳ ಕೈ ಹಿಡಿದುಕೊಂಡರೆ ಬೆಲ್ ಹೊಡೆಯುವವರೆಗೂ ಅವಳು ಬಿಡುತ್ತಿರಲಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ಶುರುವಾದ ಬೆಳಗ್ಗೆ ನಾನು ಅವಳಿಗೆ ಯೂನಿಫಾರಂ ತೋರಿಸಿದೆ. ಅವಳು ನೋಡಲಿಲ್ಲ. ಅಮ್ಮನ ಪಕ್ಕ ಕೂತು ಊದುಬತ್ತಿ ಹೊಸೆಯುತ್ತಿದ್ದಳು.

ಆ ಶಾಲೆಯನ್ನು ಈಗ ಮಕ್ಕಳು ಸಾಲದೆ ಮುಚ್ಚಿದ್ದಾರೆ. ಆರ್‌ಪಿಸಿ ಲೇಔಟಿನಲ್ಲಿ ನನ್ನ ಮಗ ಓದುವ ಶಾಲೆಯ ವಿಷಯವೆಲ್ಲ ಫೋನಿಗೆ ಬರುತ್ತದೆ. ಅವನ ಕ್ಲಾಸು ಹೇಗಿದೆಯೆಂದು ನಾನು ಒಮ್ಮೆಯೂ ನೋಡಿಲ್ಲ. ಅಲ್ಲಿ ಲತಾಳಂಥ ಒಂದು ಮಗುವಾದರೂ ಇದೆಯಾ ಅಂತ ಅವನನ್ನೇ ಕೇಳಿದೆ. "ಅಂಥವ್ರನ್ನ ತಗೊಳಲ್ವಂತೆ ಅಮ್ಮ" ಅಂದ.

ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಲತಾ ನನ್ನ ಜೊತೆಗೇ ಇದ್ದಾಳೆ. ಆ ಕ್ಲಾಸಿನಲ್ಲಿ ಸನ್ನೆ ಕಲಿತವರೆಲ್ಲ ಎಲ್ಲೆಲ್ಲೋ ಹೋದರು, ಮರೆತೂ ಇರುತ್ತಾರೆ. ಅವಳ ಭಾಷೆ ಬಲ್ಲವಳು ಈಗ ನಾನೊಬ್ಬಳೇ. ಹಸಿವೆಗೆ, ನೀರಿಗೆ, ಜ್ವರಕ್ಕೆ, ಮಳೆಗೆ ನಮ್ಮಲ್ಲಿ ಸನ್ನೆ ಇದೆ. ಆ ವರ್ಷ ಅವಳ ಮನಸ್ಸಿಗೆ ಏನಾಯಿತು ಅಂತ ಕೇಳೋಣವೆಂದು ಎಷ್ಟೋ ಸಲ ಎದುರಿಗೆ ಕೂತಿದ್ದೇನೆ. ಅದನ್ನು ಕೇಳುವುದಕ್ಕೆ ನನಗೆ ಬರುವುದಿಲ್ಲ, ಹೇಳುವುದಕ್ಕೆ ಅವಳಿಗೂ ಬರುವುದಿಲ್ಲ.