ಕಪ್ಪು ಡೇರೆ ಅರಳಿದ ಮಳೆಗಾಲ

ಗೋಣಿಬೀಡಿನ ಕಡೆ ಆಗ ಮನೆಗೆ ಟಿ.ವಿ. ಬಂದರೂ ಅಷ್ಟು ಜನ ನೋಡಲು ಬರುತ್ತಿರಲಿಲ್ಲ; ಅಂಗಳದಲ್ಲಿ ಹೊಸ ಬಣ್ಣದ ಡೇರೆ ಹೂವು ಅರಳಿದರೆ ಬರುತ್ತಿದ್ದರು. ತೊಂಬತ್ತರ ದಶಕದ ಮಾತು. ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ನಮ್ಮ ಕ್ವಾರ್ಟರ್ಸಿನ ಬೇಲಿಯಾಚೆಗೆ ತೋಟದಾಳುಗಳ ಮೇಸ್ತ್ರಿಯ ಮನೆ. ಮೇಸ್ತ್ರಿಯ ಹೆಂಡತಿ ಗಿರಿಜಕ್ಕನಿಗೂ ನಮ್ಮಮ್ಮನಿಗೂ ಹಾಲು, ಮಜ್ಜಿಗೆ, ಸಾರು ಎಲ್ಲದರಲ್ಲೂ ಕೊಡುಕೊಳ್ಳುವುದಿತ್ತು, ಡೇರೆ ಗೆಡ್ಡೆಯೊಂದನ್ನು ಬಿಟ್ಟು.

ಚಳಿ ಬಿದ್ದು ಗಿಡ ಒಣಗಿದ ಮೇಲೆ ಅಮ್ಮ ಗೆಡ್ಡೆ ಕಿತ್ತು, ನೆರಳಲ್ಲಿ ಆರಿಸಿ, ಒಲೆಯ ಬೂದಿಯಲ್ಲಿ ಹೊರಳಿಸುತ್ತಿದ್ದಳು. ಬೇಸಿಗೆಯ ಕೊನೆಗೆ ತೊಟ್ಟಿನ ಬಳಿ ಕೆಂಪಗೆ ಕಣ್ಣು ಒಡೆದ ಮೇಲೇ ನೆಡಬೇಕು. ಅವಸರಪಟ್ಟರೆ ಕೊಳೆಯುತ್ತದೆ, ತಡ ಮಾಡಿದರೆ ಸೊರಗುತ್ತದೆ. ಅಲ್ಲಿಯವರೆಗೆ ಗೆಡ್ಡೆಗಳ ವಾಸ ಅಪ್ಪನ ಇಂಬಳದ ಕಾಲುಚೀಲಗಳಲ್ಲಿ. ಮಳೆಗಾಲದಲ್ಲಿ ರಕ್ತ ಹೀರುವ ಇಂಬಳ ಕಾಲಿಗೆ ಹತ್ತದಂತೆ ತೋಟಕ್ಕೆ ಹಾಕಿಕೊಳ್ಳುವ, ಮೊಣಕಾಲುದ್ದದ ದಪ್ಪ ಬಟ್ಟೆಯ ಚೀಲಗಳು ಅವು. ಬೇಸಿಗೆಯಲ್ಲಿ ಅವಕ್ಕೇನು ಕೆಲಸ? ಕೆಂಪು ಹೂವಿನದಕ್ಕೆ ಕೆಂಪು ದಾರ, ಹಳದಿಯದಕ್ಕೆ ಹಳದಿ ದಾರ ಕಟ್ಟಿ ಅಟ್ಟದಲ್ಲಿ ತೂಗುಹಾಕಿದರೆ, ಯಾರದೋ ಕಾಲುಗಳು ಮೇಲಿಂದ ಇಳಿಬಿದ್ದ ಹಾಗೆ ಕಾಣುತ್ತಿತ್ತು.

ಆ ವರ್ಷ ಒಂದಕ್ಕೆ ಕಪ್ಪು ದಾರವಿತ್ತು. ಎಸ್ಟೇಟಿನ ಸಾಹುಕಾರರ ಮನೆಯ ಅಮ್ಮಾವ್ರು ಕೊಟ್ಟ ಗೆಡ್ಡೆ. ಕಪ್ಪು ಎನ್ನುವಷ್ಟು ಕಡುಗೆಂಪು ಹೂವಂತೆ. “ಇನ್ಯಾರಿಗೂ ಕೊಡ್ಬೇಡ ಲಲಿತಾ” ಎಂದು ಅಮ್ಮನಿಗೆ ಹೇಳಿಯೇ ಕೊಟ್ಟಿದ್ದರು. ಸುದ್ದಿ ಗಿರಿಜಕ್ಕನಿಗೆ ತಲುಪಿತು.

“ಲಲಿತಕ್ಕ, ನಂಗೂ ಒಂಚೂರು ಮುರ್ಕೊಡಿ ಮಾರಾಯ್ರೆ.”

“ಇರೋದೇ ಒಂದು ಗೆಡ್ಡೆ ಗಿರಿಜಾ. ಮುಂದಿನ ವರ್ಷ ನೋಡಾಣ.”

ಗಿರಿಜಕ್ಕ ಮೂತಿ ತಿರುಗಿಸಿ ಹೋದಳು. ಅಂದಿನಿಂದ ಬೇಲಿ ದಾಟಿ ಸಾರಿನ ಬಟ್ಟಲು ಬರಲಿಲ್ಲ.

ಮೇ ತಿಂಗಳಲ್ಲಿ ಜೋರು ಮಳೆ ಹೊಡೆಯಿತು. ಬೆಳಿಗ್ಗೆ ಅಮ್ಮ ನೀರಿಗೆ ಹೋದಾಗ ತೋಟಕ್ಕೆ ಹೊರಟ ಅಪ್ಪ ಅಟ್ಟ ಹತ್ತಿದರು. ದಾರಗಳನ್ನೆಲ್ಲ ಬಿಚ್ಚಿ, ಗೆಡ್ಡೆಗಳನ್ನು ಒಂದು ಬುಟ್ಟಿಗೆ ಸುರಿದು, ಚೀಲ ಕೊಡವಿ ಹಾಕಿಕೊಂಡು ಹೋದರು. ಸಂಜೆ ಬೂದಿ ಹತ್ತಿದ ಕಾಲು ತುರಿಸಿಕೊಳ್ಳುತ್ತಾ ಬಂದವರನ್ನು ಅಮ್ಮ ಬಾಗಿಲಲ್ಲೇ ಹಿಡಿದಳು.

“ರೀ, ನನ್ ಗೆಡ್ಡೆ ಏನ್ ಮಾಡಿದ್ರಿ?”

“ಒಂದೂ ಹಾಳಾಗಿಲ್ಲ ಮಾರಾಯ್ತಿ. ಎಲ್ಲಾ ಜೋಪಾನವಾಗಿ ಒಂದೇ ಕಡೆ ಹಾಕಿದೀನಿ.”

“ಒಂದೇ ಕಡೆನಾ!”

“ಹೂಂ. ಎಲ್ಲಾ ಒಂದೇ ಥರ ಇದಾವಲ್ಲ?”

“ನೀವೂ ನಿಮ್ಮಣ್ಣನೂ ಒಂದೇ ಥರ ಇದೀರಿ. ಹಂಗಂತ ಅವ್ರ ಮನೆಗೆ ಹೋಗಿ ಅಡುಗೆ ಮಾಡ್ಲಾ?”

ಅಪ್ಪ ಅಂದು ಎರಡನೇ ಸಲ ಅನ್ನ ಕೇಳಲಿಲ್ಲ.

ಅಮ್ಮ ಗೆಡ್ಡೆಗಳನ್ನು ಮುಟ್ಟಿದಳು, ಮೂಸಿದಳು, ಬೆಳಕಿಗೆ ಹಿಡಿದಳು. ಕೊನೆಗೆ ಎಲ್ಲಕ್ಕಿಂತ ದುಂಡಗಿದ್ದುದೇ ಅಮ್ಮಾವ್ರ ಮನೆಯದೆಂದು ತೀರ್ಮಾನಿಸಿ ತುಳಸಿಕಟ್ಟೆಯ ಪಕ್ಕ ನೆಟ್ಟಳು. ಸೊಟ್ಟಗಿದ್ದ ಸಣ್ಣದೊಂದನ್ನು ರಾಜಿ ಮಾಡಿಕೊಳ್ಳಲೆಂದು ಗಿರಿಜಕ್ಕನಿಗೆ ಕೊಟ್ಟಳು. “ಹಳದಿ ಇರ್ಬೇಕು, ತಗೋ.” ಗಿರಿಜಕ್ಕ ಅದನ್ನು ತುಕ್ಕು ಹಿಡಿದ ಎಣ್ಣೆ ಡಬ್ಬಕ್ಕೆ ನೆಟ್ಟಳು.

ಜುಲೈಯಲ್ಲಿ ಮೊಗ್ಗು ಬಂದವು. ಯಾವ ಗಿಡದಲ್ಲಿ ಯಾವ ಬಣ್ಣವೆಂದು ಮಕ್ಕಳು ನಾವು ಗೋಲಿ ಪಣ ಕಟ್ಟಿ ಆಡುತ್ತಿದ್ದೆವು. ತುಳಸಿಕಟ್ಟೆಯ ಪಕ್ಕ ಅರಳಿದ್ದು ಊರಿನ ಎಲ್ಲ ಅಂಗಳಗಳಲ್ಲೂ ಇದ್ದ ಗುಲಾಬಿ ಬಣ್ಣದ್ದು. ಅದೇ ವಾರ ಬೇಲಿಯಾಚೆಯಿಂದ ಗಿರಿಜಕ್ಕ ಕೂಗಿಕೊಂಡಳು. ಓಡಿ ಹೋಗಿ ನೋಡಿದರೆ ಡಬ್ಬದಲ್ಲಿ ಊಟದ ತಟ್ಟೆಯಗಲದ ಕಪ್ಪು ಹೂವು!

ಮಳೆಗೆ ಎಸಳು ಉದುರದಂತೆ ಅವಳು ಗಂಡನ ಕೊಡೆಯನ್ನೇ ಬಿಚ್ಚಿ ಗಿಡದ ಮೇಲೆ ಕಟ್ಟಿದಳು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ತೋಟಕ್ಕೆ ಹೊರಟ ಮೇಸ್ತ್ರಿ ಗೊಣಗಿದರೆ, “ಸ್ವಲ್ಪ ದಿನ ನೆನೀರಿ, ನೀವೇನು ಉದುರಿ ಹೋಗ್ತೀರಾ?” ಎಂದಳು.

ಅಮ್ಮ ಕಿಟಕಿಯಿಂದ ಆ ಹೂವನ್ನೇ ನೋಡುತ್ತಾ ದೋಸೆ ಸೀಯಿಸಿದಳು. ಕೊನೆಗೆ ತಡೆಯಲಾರದೆ ಬೇಲಿಯ ಹತ್ತಿರ ಹೋದಳು.

“ಗಿರಿಜಾ, ಅದು ನಂದು ಕಣೆ.”

“ಹಳದಿ ಅಂತ ಕೊಟ್ಟಿದ್ದು ನೀವೇ ಅಲ್ವಾ ಲಲಿತಕ್ಕ? ನಾನೂ ಹಳದಿ ಅಂತ್ಲೇ ಇಟ್ಕೊಂಡಿದೀನಿ.”

ಹಾಗಿರುವಾಗಲೇ ಒಂದು ಮಧ್ಯಾಹ್ನ ಅಮ್ಮಾವ್ರ ಜೀಪು ಬಂದು ನಿಂತಿತು. ಅಮ್ಮನ ಮುಖ ಬಿಳಿಚಿಕೊಂಡಿತು. ಗೆಡ್ಡೆಯನ್ನು ಬೇರೆಯವರಿಗೆ ಕೊಟ್ಟಳೆಂದು ಅಮ್ಮಾವ್ರು ತಿಳಿದರೆ ಆ ಮನೆಯ ಮೆಟ್ಟಿಲು ಹತ್ತುವುದು ಹೇಗೆ?

“ಎಲ್ಲಿ ಲಲಿತಾ, ನಮ್ ಹೂವು?”

ಅಮ್ಮ ಬಾಯಿ ತೆರೆಯುವ ಮೊದಲೇ ಬೇಲಿಯ ಸಂದಿಯಿಂದ ಗಿರಿಜಕ್ಕ ನುಗ್ಗಿಬಂದಳು, ಡಬ್ಬವನ್ನು ಅಪ್ಪಿಕೊಂಡು, ಕೊಡೆಯ ಸಮೇತ.

“ಇಲ್ಲಿದೆ ಅಮ್ಮಾವ್ರೆ. ನಮ್ಮನೆ ಜಗಲಿ ಬೆಚ್ಚಗಿರುತ್ತೆ ಅಂತ ಲಲಿತಕ್ಕ ಅಲ್ಲಿ ಇರಿಸಿದ್ರು.”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಮ್ಮಾವ್ರು ಹೂವನ್ನು ಮುಟ್ಟಿ ನಿಟ್ಟುಸಿರಿಟ್ಟರು. “ಮೊದ್ಲನೇ ಮಳೆ ಬಿತ್ತು ಅಂತ ನೆಟ್ಟುಬಿಟ್ಟೆ ಕಣೆ. ನಂದೆಲ್ಲ ಕೊಳೆತು ಹೋಯ್ತು. ಒಂದು ಗೆಡ್ಡೆ ವಾಪಸ್ ಕೊಡ್ತೀಯಾ?”

“ಅದಕ್ಕೇನಂತೆ ಅಮ್ಮಾವ್ರೆ” ಎಂದು ಗಿರಿಜಕ್ಕನೇ ಉತ್ತರಿಸಿದಳು. “ಆದ್ರೆ ಈಗ ಕೀಳ್ಬಾರ್ದು. ಚಳಿ ಬೀಳ್ಲಿ. ಕಿತ್ತು, ಆರ್ಸಿ, ನಾವೇ ತಂದ್ಕೊಡ್ತೀವಿ.”

ಜೀಪು ಹೋದ ಮೇಲೆ ಅಮ್ಮ ಕೇಳಿದಳು, “ನಾವೇ ಅಂದ್ಯಲ್ಲ, ಯಾರೇ ಅದು ನಾವು?”

“ಗಿಡ ನಂದು, ಬೂದಿ ನಿಮ್ದು” ಎಂದಳು ಗಿರಿಜಕ್ಕ. ಇಬ್ಬರೂ ಒದ್ದೆ ಅಂಗಳದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸಂಜೆ ಬಿಸಿ ಕಡುಬು ಬೇಲಿ ದಾಟಿ ಹೋಯಿತು. ಬಟ್ಟಲು ಕೆಸುವಿನ ಸಾರು ತುಂಬಿಕೊಂಡು ವಾಪಸ್ಸು ಬಂತು.

ಈಗ ಚಿಕ್ಕಮಗಳೂರಿನ ನರ್ಸರಿಯಲ್ಲಿ ಡೇರೆ ಕುಂಡದಲ್ಲೇ ಸಿಗುತ್ತದೆ, ಹೂವಿನ ಫೋಟೋ ಅಂಟಿಸಿಕೊಂಡು. ಹೋದ ವರ್ಷ ನಾನೂ ಒಂದು ತಂದೆ. ಫೋಟೋದಲ್ಲಿದ್ದ ಹಾಗೆಯೇ, ಒಂದು ಎಸಳೂ ಹೆಚ್ಚುಕಡಿಮೆಯಾಗದೆ ಅರಳಿತು. ಪಕ್ಕದ ಮನೆಯವರು ಕಾರು ಹತ್ತುವಾಗ ಆ ಕಡೆ ನೋಡಿದರೋ ಇಲ್ಲವೋ ಗೊತ್ತಿಲ್ಲ. ಗೆಡ್ಡೆ ಕೇಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ.