ಕಡಗೋಲಿಗೆ ಕಟ್ಟಿದ ಮೋಟರ್

ಈಚೆಗೆ ನಮ್ಮ ಅಡುಗೆಮನೆಯಲ್ಲಿ ಕಾರು ಸ್ಟಾರ್ಟ್ ಆಯಿತು!

ಪೂರ್ತಿ ಕಾರಲ್ಲ, ಅದರ ಫ್ಯಾನ್ ಮೋಟರ್ ಮಾತ್ರ. ಶಿಕಾರಿಪುರದ ಗುಜರಿ ಅಂಗಡಿಯಲ್ಲಿ ಸಿಕ್ಕಿತ್ತು. ಮೈಮೇಲೆ ಹನ್ನೆರಡು ವೋಲ್ಟ್ ಅಂತ ಬರೆದಿತ್ತು.

ನನ್ನ ಹೆಂಡತಿ ಶಾರದೆಗೆ ಮಜ್ಜಿಗೆ ಕಡೆದು ಕಡೆದು ಬಲಭುಜ ಹಿಡಿದುಕೊಂಡಿತ್ತು. (ತವರು ಸೊರಬದ ಉಳವಿ. ಬೆಣ್ಣೆ ಮನೆಯಲ್ಲೇ ತೆಗೆಯಬೇಕು ಅನ್ನುವ ಹಟ ಅಲ್ಲಿಂದಲೇ ಬಂದದ್ದು.) ಕಡಗೋಲಿಗೆ ಮೋಟರ್ ಕಟ್ಟಿಬಿಟ್ಟರೆ ಹೇಗೆ? ಐಡಿಯಾ ಹೊಳೆದ ಮೇಲೆ ನನ್ನನ್ನು ಹಿಡಿಯುವವರು ಯಾರು?

ಮೋಟರೇನೋ ಸಿಕ್ಕಿತು, ಕರೆಂಟ್? ರೇಡಿಯೊ ರಿಪೇರಿ ಮಾಡುವ ಗೆಳೆಯ ರಹೀಮನ ಅಂಗಡಿಯಿಂದ ಟೇಪ್ ರೆಕಾರ್ಡರಿಗೆ ಹಾಕುವ ಎಲಿಮಿನೇಟರ್, ಅಂದರೆ ಮನೆಯ ಕರೆಂಟನ್ನು ಇಳಿಸಿ ಕೊಡುವ ಪುಟ್ಟ ಡಬ್ಬಿ, ತಂದೆ. ಅದೂ ಹನ್ನೆರಡು ವೋಲ್ಟ್, ಇದೂ ಹನ್ನೆರಡು ವೋಲ್ಟ್. ಜಾತಕ ಕೂಡಿತು!

ಬರಿದೇ ಬಿಟ್ಟಾಗ ಮೋಟರ್ ಸೋಮಾರಿಯಂತೆ ತಿರುಗಿತು. ಕಡಗೋಲು ಸಿಕ್ಕಿಸಿ ಮೊಸರಿಗೆ ಇಳಿಸಿದೆ. ಗುಂಯ್ ಅಂದು ನಿಂತೇಹೋಯಿತು. ಎಲಿಮಿನೇಟರ್ ಮುಟ್ಟಿದರೆ ದೋಸೆ ಹಂಚು! ಆಮೇಲೆ ದಿನವೂ ಇದೇ ಆಟ. ಸ್ವಿಚ್ ಹಾಕುವುದು, ಅದು ನಿಲ್ಲುವುದು, ನಾನು ಡಬ್ಬಿ ಮುಟ್ಟಿ ನೋಡುವುದು. ವೋಲ್ಟ್ ಸರಿಯಿದ್ದ ಮೇಲೆ ಇನ್ನೇನು ಕಮ್ಮಿ? ತಲೆ ಕೆಟ್ಟು ರಹೀಮನ ಬಳಿ ಓಡಿದೆ.

ಅವನು ಬಿದ್ದು ಬಿದ್ದು ನಕ್ಕ. "ಹನ್ನೆರಡು ವೋಲ್ಟ್ ಕೇಳಿದ್ರಿ, ಕೊಟ್ಟೆ. ಕಾರಿನ ಮೋಟರ್ ಓಡಸ್ತೀನಿ ಅಂತ ಹೇಳಿದ್ರೇನ್ರಿ? ಟೇಪಿಗೆ ಅರ್ಧ ಆಂಪಿಯರ್ ಸಾಕು. ಇದಕ್ಕೆ ಅದರ ಹತ್ತರಷ್ಟು ಬೇಕಾಗ್ತೈತಿ. ಹೊರಡೋವಾಗ ಇನ್ನೂ ಜಾಸ್ತಿ."

"ಅಷ್ಟು ಕೊಡೋ ಡಬ್ಬಿ ಹಾಕಿದ್ರೆ ಮೋಟರ್ ಸುಡಲ್ವೇನಪ್ಪಾ?"

"ಬಾವಿ ದೊಡ್ಡದೈತಿ ಅಂತ ನೀವು ಜಾಸ್ತಿ ನೀರು ಕುಡೀತೀರೇನು? ಅದು ಬೇಕಾದಷ್ಟೇ ಎಳೀತೈತಿ. ವೋಲ್ಟ್ ಮಾತ್ರ ಮೀರಬಾರ್ದು ನೋಡ್ರಿ."

ಎಂಥ ಚೆಂದದ ವಿಷಯ! ಯಾವುದಕ್ಕೇ ಆಗಲಿ, ನಂಬರ್ ಹೊಂದಿತಾ ಅಂತಷ್ಟೇ ನೋಡುತ್ತೇವೆ. ಭಾರ ಬಿದ್ದಾಗ ತಡೆಯುತ್ತದಾ ಅಂತ ಕೇಳುವುದೇ ಇಲ್ಲ. (ಅಳಿಯನನ್ನು ಹುಡುಕುವಾಗಲೂ ಅಷ್ಟೇ ಅಲ್ಲವೇ?)

ದೊಡ್ಡ ಡಬ್ಬಿಗೆ ಹೇಳಿಬಂದು, ಚಪ್ಪಲಿ ಬಿಡುತ್ತಲೇ ಶಾರದೆಗೆ ಪಾಠ ಶುರು ಮಾಡಿದೆ. "ತಪ್ಪು ಮೋಟರಿಂದಲ್ಲ ಕಣೇ. ಪಾಪ, ಆ ಪುಟ್ಟ ಡಬ್ಬಿ ಮೇಲೆ ಶಕ್ತಿ ಮೀರಿ ಭಾರ ಹಾಕಿದ್ವಿ. ಅದಕ್ಕೇ ಅಷ್ಟು ಬಿಸಿ ಆಗ್ತಿತ್ತು!"

ಅವಳು ಆಗಷ್ಟೇ ಕೈಯಲ್ಲೇ ಮಜ್ಜಿಗೆ ಕಡೆದು ಮುಗಿಸಿ, ಬಿಸಿ ಉಪ್ಪಿನ ಗಂಟನ್ನು ಭುಜಕ್ಕೆ ಒತ್ತಿಕೊಂಡು ಕೂತಿದ್ದಳು.

"ಅದಕ್ಕೆ ಭಾರ ಆತು ಅಂತ ದಿನಾ ಮುಟ್ಟಿ ಮುಟ್ಟಿ ನೋಡಿದ್ರಿ," ಅಂದಳು. "ನನ್ ಭುಜ ಒಂದ್ಸಲನಾದ್ರೂ ಮುಟ್ಟಿ ನೋಡಿದ್ರಾ?"